ಬೆರಳಿಗೆ ಹಾಕುವ ಆಕ್ಸಿಮೀಟರ್: ಕೊಡಗಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟು ತುಂಬಿದೆ ಎಂದು ತೋರಿಸುವ ಆಕ್ಸಿಮೀಟರ್, ಕೊರೊನಾ ಕಾಲದಲ್ಲಿ ಕೊಂಡದ್ದು, ಈಗಲೂ ಕೊಡಗಿನ ಎಷ್ಟೋ ಮನೆಗಳ ಬೀರುವಿನಲ್ಲಿದೆ. ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ಯಾರಿಗಾದರೂ ಕೆಮ್ಮು ಜೋರಾದರೆ ಅದು ಹೊರಗೆ ಬರುತ್ತದೆ. ಆಮೇಲೆ ಗಾಬರಿ. ಒಂದು ಬೆರಳಿಗೆ 97, ಇನ್ನೊಂದಕ್ಕೆ 86, ಮತ್ತೆ ಹಾಕಿದರೆ 93. ಯಾವುದನ್ನು ನಂಬುವುದು? ನಮ್ಮ ಊರಿನ ಚಳಿ, ಒಲೆಯ ಹೊಗೆ, ದೊಡ್ಡ ಆಸ್ಪತ್ರೆಯ ದೂರ, ಈ ಮೂರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಉತ್ತರ ಬರೆದಿದ್ದೇವೆ. ಎಲ್ಲ ಓದಲು ಸಮಯ ಇಲ್ಲದವರು ಕೆಂಡದ ಬಗ್ಗೆ ಇರುವ ಪ್ರಶ್ನೆಯನ್ನಾದರೂ ಓದಿ.

ಸೂಜಿ ಚುಚ್ಚದೆ ರಕ್ತದ ಆಮ್ಲಜನಕ ಹೇಗೆ ಗೊತ್ತಾಗುತ್ತದೆ?

ಬಣ್ಣದಿಂದ. ರಕ್ತದಲ್ಲಿ ಆಮ್ಲಜನಕವನ್ನು ಹೊತ್ತು ತಿರುಗುವುದು ಹಿಮೋಗ್ಲೋಬಿನ್. ಆಮ್ಲಜನಕ ತುಂಬಿಕೊಂಡಾಗ ಅದು ಕಡುಗೆಂಪಲ್ಲ, ಒಳ್ಳೆ ಹೊಳೆಯುವ ಕೆಂಪು. ಖಾಲಿಯಾದಾಗ ಕಪ್ಪುಗೆಂಪು. ಮಷೀನಿನ ಒಂದು ಕಡೆ ಎರಡು ಪುಟ್ಟ ದೀಪಗಳಿವೆ. ಒಂದು ಕೆಂಪು ಬೆಳಕು, ಸುಮಾರು 660 ನ್ಯಾನೋಮೀಟರ್. ಇನ್ನೊಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ಸುಮಾರು 940 ನ್ಯಾನೋಮೀಟರ್. ಖಾಲಿ ಹಿಮೋಗ್ಲೋಬಿನ್ ಕೆಂಪು ಬೆಳಕನ್ನು ಜಾಸ್ತಿ ಹೀರುತ್ತದೆ. ತುಂಬಿದ್ದು ಇನ್‌ಫ್ರಾರೆಡ್ ಅನ್ನು ಜಾಸ್ತಿ ಹೀರುತ್ತದೆ. ಬೆರಳು ದಾಟಿ ಬಂದ ಬೆಳಕನ್ನು ಇನ್ನೊಂದು ಬದಿಯ ಸೆನ್ಸರ್ ಅಳೆಯುತ್ತದೆ.

ಆದರೆ ಬೆರಳಿನಲ್ಲಿ ಚರ್ಮ, ಮೂಳೆ, ಉಗುರು ಎಲ್ಲವೂ ಬೆಳಕನ್ನು ಹೀರುತ್ತವೆ. ಅವುಗಳ ನಡುವೆ ಅಪಧಮನಿಯ, ಅಂದರೆ ಹೃದಯದಿಂದ ಹೊರಟ ನಾಳದ, ರಕ್ತವನ್ನು ಮಾತ್ರ ಹೇಗೆ ಗುರುತಿಸುವುದು? ಇದಕ್ಕೆ ದಾರಿ ಹುಡುಕಿದವರು ಜಪಾನಿನ ನಿಹೋನ್ ಕೊಹ್ಡೆನ್ ಕಂಪನಿಯ ಎಂಜಿನಿಯರ್ ತಕುವೊ ಅಯೊಯಾಗಿ. ಅವರು ಬೇರೆಯೇ ಕೆಲಸದಲ್ಲಿದ್ದರು. ಹೃದಯ ಎಷ್ಟು ರಕ್ತ ಪಂಪ್ ಮಾಡುತ್ತದೆ ಎಂದು ಬಣ್ಣದ ದ್ರವ ಮತ್ತು ಬೆಳಕಿನಿಂದ ಅಳೆಯುತ್ತಿದ್ದರು. ನಾಡಿ ಬಡಿದಾಗಲೆಲ್ಲ ಬೆಳಕು ಏರಿಳಿದು ಲೆಕ್ಕ ಕೆಡುತ್ತಿತ್ತು. ಆ ಏರಿಳಿತವನ್ನು ತೆಗೆದುಹಾಕಲು ಹೊರಟವರಿಗೆ, ಬೇಕಾದ ಉತ್ತರ ಅದರಲ್ಲೇ ಇದೆ ಎಂದು ಹೊಳೆಯಿತು. ನಾಡಿಯ ಜೊತೆ ಏರಿಳಿಯುವುದು ಅಪಧಮನಿಯ ರಕ್ತ. ಚರ್ಮ, ಮೂಳೆ ಹಾಗೇ ಇರುತ್ತವೆ. 1974ರಲ್ಲಿ ಅವರು ಇದನ್ನು ಜಪಾನಿನಲ್ಲಿ ಮಂಡಿಸಿದರು. ಜಗತ್ತಿನ ಮನೆಮನೆಗೂ ಈ ಮಷೀನು ನುಗ್ಗುತ್ತಿದ್ದ 2020ರ ಏಪ್ರಿಲ್‌ನಲ್ಲೇ ಅವರು ತೀರಿಕೊಂಡರು. ಅವರ ಹೆಸರು ನಮ್ಮ ಶಾಲೆಯ ಮಕ್ಕಳಿಗೂ ಗೊತ್ತಿರಬೇಕು ಅನ್ನುವುದು ನಮ್ಮ ಆಸೆ.

ಈ ಕಥೆಯಲ್ಲಿ ನಮಗೆ ಬೇಕಾದ ಒಂದು ವಿಷಯ ಇದೆ. ನಾಡಿ ಸರಿಯಾಗಿ ಸಿಗದಿದ್ದರೆ ಮಷೀನಿಗೆ ಏನೂ ಗೊತ್ತಾಗುವುದಿಲ್ಲ. ಆದರೂ ಅದು ಏನೋ ಒಂದು ನಂಬರ್ ತೋರಿಸಿಬಿಡುತ್ತದೆ.

ಎಷ್ಟಿದ್ದರೆ ಸರಿ?

ಆರೋಗ್ಯವಂತ ದೊಡ್ಡವರಿಗೆ 95ರಿಂದ 100. 93, 94 ಬಂದರೆ ಕೈ ಬೆಚ್ಚಗೆ ಮಾಡಿಕೊಂಡು ಮತ್ತೆ ನೋಡಿ, ಹಾಗೇ ಇದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. 92 ಅಥವಾ ಕೆಳಗೆ ನಿಂತರೆ ಆಸ್ಪತ್ರೆಗೆ ಹೊರಡಿ. 90ಕ್ಕಿಂತ ಕೆಳಗೆ ಹೋದರೆ ಅದು ತುರ್ತು. ಗರ್ಭಿಣಿಯರಿಗೆ 95ಕ್ಕಿಂತ ಕಡಿಮೆ ಬಂದರೇ ಡಾಕ್ಟರಿಗೆ ಹೇಳಬೇಕು.

90 ಎಂದರೆ ಪರೀಕ್ಷೆಯಲ್ಲಿ ಒಳ್ಳೆ ಮಾರ್ಕ್ಸ್, ಇಲ್ಲಿ ಹಾಗಲ್ಲ. 97ರಿಂದ 90ಕ್ಕೆ ಇಳಿಯುವಷ್ಟರಲ್ಲಿ ರಕ್ತದಲ್ಲಿನ ಆಮ್ಲಜನಕದ ಒತ್ತಡ ಸುಮಾರು 60 ಮಿ.ಮೀ. ಪಾದರಸಕ್ಕೆ ಬಂದಿರುತ್ತದೆ. ಅಲ್ಲಿಂದ ಮುಂದೆ ಇಳಿಜಾರು ಕಡಿದು. ಒತ್ತಡ ಇನ್ನು ಸ್ವಲ್ಪ ಇಳಿದರೂ ನಂಬರ್ ಬೇಗ ಬೇಗ ಕುಸಿಯುತ್ತದೆ.

ವರ್ಷಗಟ್ಟಲೆ ಬೀಡಿ ಸೇದಿ ಅಥವಾ ಒಲೆ ಹೊಗೆ ಕುಡಿದು ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ) ಬಂದವರ ಲೆಕ್ಕ ಬೇರೆ. ಅವರಲ್ಲಿ ಹಲವರಿಗೆ ಡಾಕ್ಟರು 88ರಿಂದ 92 ಸಾಕು ಎನ್ನುತ್ತಾರೆ. ಅಂಥವರಿಗೆ ಮನೆಯಲ್ಲಿ ಸಿಲಿಂಡರ್ ಇದ್ದರೆ, 98 ಬರಲಿ ಅಂತ ಆಮ್ಲಜನಕ ಜಾಸ್ತಿ ಬಿಡಬೇಡಿ. ಅವರ ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಹಿಡಿಯಬಹುದು. ಅದನ್ನು ಈ ಮಷೀನು ತೋರಿಸುವುದಿಲ್ಲ.

ಮಡಿಕೇರಿ ಎತ್ತರದಲ್ಲಿದೆ. ನಮಗೆ ನಂಬರ್ ಕಡಿಮೆ ಬರುವುದು ಸಹಜ ಅಲ್ವಾ?

ಈ ಮಾತು ತುಂಬಾ ಕೇಳಿದ್ದೇವೆ, ಇದರಿಂದ ತೊಂದರೆಯೂ ಆಗುತ್ತದೆ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಶೇಕಡಾ 12–13ರಷ್ಟು ಕಡಿಮೆ. ಇದರಿಂದ ಆರೋಗ್ಯವಂತರ ನಂಬರ್ ಒಂದು ಅಂಕ ಇಳಿಯಬಹುದು, ಹೆಚ್ಚೆಂದರೆ ಎರಡು. 1,748 ಮೀಟರಿನ ತಡಿಯಂಡಮೋಳ್ ತುದಿಯಲ್ಲಿ ಕೂತು ಸುಧಾರಿಸಿಕೊಂಡು ಅಳೆದರೂ ಹೆಚ್ಚಿನವರಿಗೆ 94ರ ಮೇಲೇ ಬರುತ್ತದೆ. 90ರ ಆಸುಪಾಸು ಸಹಜ ಎನ್ನಬೇಕಾದರೆ ಲೇಹ್‌ನಂಥ 3,500 ಮೀಟರ್ ಎತ್ತರಕ್ಕೆ ಹೋಗಬೇಕು.

ಹಾಗಾಗಿ ಮಡಿಕೇರಿಯಲ್ಲೋ ಸೋಮವಾರಪೇಟೆಯಲ್ಲೋ 91 ಬಂದರೆ ಅದನ್ನು ಬೆಟ್ಟದ ಮೇಲೆ ಹಾಕಬೇಡಿ. ಕುಶಾಲನಗರ ಇನ್ನೂ ತಗ್ಗು, ಅಲ್ಲಿ ಈ ನೆಪವೇ ಇಲ್ಲ.

ಮಳೆಗಾಲದಲ್ಲಿ ಅವ್ವನಿಗೆ 86 ತೋರಿಸುತ್ತದೆ. ಆದರೆ ಅವರು ಆರಾಮಾಗಿ ಮಾತಾಡುತ್ತಾ ಕೂತಿದ್ದಾರೆ. ಏನು ಮಾಡಲಿ?

ಮೊದಲು ಅವರ ಕೈ ಮುಟ್ಟಿ ನೋಡಿ. ಐಸ್‌ನಂತೆ ತಣ್ಣಗಿದ್ದರೆ ಬಹುಶಃ ಅದೇ ಕಾರಣ. ಚಳಿಗೆ ಬೆರಳಿನ ರಕ್ತನಾಳಗಳು ಮುದುಡುತ್ತವೆ, ನಾಡಿ ಸಣ್ಣದಾಗುತ್ತದೆ, ಸೆನ್ಸರ್‌ಗೆ ಏರಿಳಿತ ಸಿಗುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ವಾರಗಟ್ಟಲೆ ಬಿಸಿಲು ಕಾಣದ ನಮ್ಮ ಮನೆಗಳಲ್ಲಿ ಸುಳ್ಳು ಕಡಿಮೆ ನಂಬರ್ ಬರಲು ಇದೇ ದೊಡ್ಡ ಕಾರಣ.

ಅಂಗೈಗಳನ್ನು ಉಜ್ಜಿ. ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಕೈ ಅದ್ದಿಸಿ, ಒರೆಸಿ, ಕಂಬಳಿಯೊಳಗೆ ಇಡಿಸಿ. ಐದು ನಿಮಿಷ ಸುಮ್ನೆ ಕೂರಿಸಿ. ಕೈ ಎದೆಯ ಮಟ್ಟದಲ್ಲಿ ಆನಿಕೊಂಡಿರಲಿ, ಅಲುಗಾಡಬಾರದು. ತೋರುಬೆರಳು ಅಥವಾ ನಡುಬೆರಳಿಗೆ ಕ್ಲಿಪ್ ಹಾಕಿ. ನಂಬರ್ ಬಂದ ತಕ್ಷಣ ತೆಗೆಯಬೇಡಿ. ಕನಿಷ್ಠ ಅರ್ಧ ನಿಮಿಷ, ಬೇಕಾದರೆ ಒಂದು ನಿಮಿಷ ಕಾಯಿರಿ. ನಂಬರ್ ಒಂದು ಕಡೆ ನಿಂತ ಮೇಲೆ ಬರೆದುಕೊಳ್ಳಿ.

ಇನ್ನೊಂದು ಪರೀಕ್ಷೆ ಇದೆ, ಇದನ್ನು ಎಲ್ಲರೂ ಕಲಿಯಬೇಕು. ಮಷೀನು ಎರಡು ನಂಬರ್ ತೋರಿಸುತ್ತದೆ. ಎಸ್‌ಪಿಒ2 ಎಂದಿರುವುದು ಆಮ್ಲಜನಕ, ಪಿಆರ್ ಎಂದಿರುವುದು ನಾಡಿ. ಮಣಿಕಟ್ಟಿನಲ್ಲಿ ನಾಡಿ ಹಿಡಿದು ಒಂದು ನಿಮಿಷ ಎಣಿಸಿ. ನಿಮ್ಮ ಕೈಗೆ 84 ಸಿಕ್ಕಿ ಮಷೀನು 131 ಎನ್ನುತ್ತಿದ್ದರೆ, ಅದಕ್ಕೆ ನಾಡಿಯೇ ಸಿಕ್ಕಿಲ್ಲ. ಆಗ ಪಕ್ಕದ 86ಕ್ಕೂ ಅರ್ಥವಿಲ್ಲ. ಕೆಲವು ಮಷೀನುಗಳಲ್ಲಿ ಪಿಐ ಎಂಬ ಮೂರನೇ ನಂಬರ್ ಇರುತ್ತದೆ, ಅದು ನಾಡಿಯ ಬಲ. 0.3, 0.4ರಷ್ಟು ಕಡಿಮೆ ಇದ್ದರೆ ಬೇರೆ ಬೆರಳು ನೋಡಿ.

ಇಷ್ಟೆಲ್ಲ ಮಾಡಿಯೂ 86 ಅಂತಲೇ ಬಂದರೆ ನಂಬಿ. ಮಾತಾಡುತ್ತಿದ್ದಾರೆ, ನಗುತ್ತಿದ್ದಾರೆ ಅಂತ ಕಾಯಬೇಡಿ. ಉಸಿರುಗಟ್ಟುವ ಅನುಭವವೇ ಇಲ್ಲದೆ ಆಮ್ಲಜನಕ ಇಳಿಯುವುದನ್ನು ಕೊರೊನಾದಲ್ಲಿ ಎಲ್ಲರೂ ನೋಡಿದ್ದಾರೆ.

ಉಗುರುಬಣ್ಣ, ಮೆಹಂದಿ, ಕಾಫಿ ಕುಯ್ಲಿನ ಕಪ್ಪು ಕಲೆ?

ಕಪ್ಪು, ನೀಲಿ, ಹಸಿರು ಉಗುರುಬಣ್ಣ ನಂಬರನ್ನು ಸ್ವಲ್ಪ ಕೆಡಿಸಬಹುದು, ಒಂದು ಬೆರಳಿನದಾದರೂ ತೆಗೆಯಿರಿ. ಕೆಂಪು ಮೆಹಂದಿಯಿಂದ ಅಷ್ಟೇನೂ ತೊಂದರೆ ಇಲ್ಲ, ದಟ್ಟ ಕಪ್ಪು ಮೆಹಂದಿ ಬೆಳಕನ್ನು ತಡೆಯುತ್ತದೆ. ಕುಯ್ಲಿನ ಕಾಲದಲ್ಲಿ ಬೆರಳು ಕಪ್ಪಾಗಿ ಒರಟಾಗಿದ್ದರೆ ಚೆನ್ನಾಗಿ ತೊಳೆದು ಕಲೆ ಕಡಿಮೆ ಇರುವ ಬೆರಳು ಆರಿಸಿ. ಅಂಗಳದ ಬಿಸಿಲಿನಲ್ಲಿ ಕೂತು ಅಳೆಯಬೇಡಿ. ಜೋರು ಬೆಳಕು ಸೆನ್ಸರ್‌ಗೆ ಬಿದ್ದರೂ ಲೆಕ್ಕ ತಪ್ಪುತ್ತದೆ.

ಚರ್ಮದ ಬಣ್ಣಕ್ಕೂ ನಂಬರ್‌ಗೂ ಸಂಬಂಧ ಇದೆಯಾ?

ಇದೆ. ಕಪ್ಪು ಚರ್ಮದವರಲ್ಲಿ ಮಷೀನು ನಿಜಕ್ಕಿಂತ ಜಾಸ್ತಿ ತೋರಿಸುವುದುಂಟು. 2020ರ ಡಿಸೆಂಬರ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದ ಅಮೆರಿಕದ ಅಧ್ಯಯನದಲ್ಲಿ ಇದು ಎದ್ದು ಕಂಡಿತು. ಮಷೀನು 92ರಿಂದ 96 ತೋರಿಸುತ್ತಿದ್ದಾಗ ನಿಜವಾದ ಮಟ್ಟ 88ಕ್ಕಿಂತ ಕೆಳಗಿದ್ದ ಸಂದರ್ಭಗಳು ಕಪ್ಪು ವರ್ಣೀಯರಲ್ಲಿ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ ಇದ್ದವು.

ಇದು ಸಣ್ಣ ವಿಷಯವಲ್ಲ. ಮಷೀನಿನ ಒಳಗಿನ ಲೆಕ್ಕವನ್ನು ಆರೋಗ್ಯವಂತ ಸ್ವಯಂಸೇವಕರಿಗೆ ಕಡಿಮೆ ಆಮ್ಲಜನಕದ ಗಾಳಿ ಕೊಟ್ಟು, ರಕ್ತ ಪರೀಕ್ಷೆಯ ಜೊತೆ ಹೋಲಿಸಿ ಹೊಂದಿಸುತ್ತಾರೆ. ಆ ಗುಂಪಿನಲ್ಲಿ ಎಲ್ಲ ಬಣ್ಣದ ಜನ ಇರದಿದ್ದರೆ, ಇಲ್ಲದವರ ಬೆರಳಿಗೆ ಲೆಕ್ಕ ಸರಿಹೊಂದುವುದಿಲ್ಲ. ದಿನವಿಡೀ ತೋಟದ ಬಿಸಿಲಲ್ಲಿ ದುಡಿಯುವವರಿಗೆ ಉಸಿರಾಟದ ಕಷ್ಟ ಇದ್ದು 94 ಬಂದರೆ, ಅದನ್ನು ಸಮಾಧಾನದ ನಂಬರ್ ಎಂದು ತಿಳಿಯಬೇಡಿ.

ಚಳಿಗೆ ಕೋಣೆಯಲ್ಲಿ ಕೆಂಡ ಇಟ್ಟು ಮಲಗಿದ್ದರು. ಬೆಳಿಗ್ಗೆ ಎಲ್ಲರಿಗೂ ತಲೆನೋವು, ವಾಂತಿ. ಆಕ್ಸಿಮೀಟರ್ 98 ತೋರಿಸುತ್ತದೆ. ಹಾಗಾದರೆ ಏನೂ ಇಲ್ಲ ಅಲ್ವಾ?

ದಯವಿಟ್ಟು ಆ 98 ಅನ್ನು ನಂಬಬೇಡಿ. ಎಲ್ಲರನ್ನೂ ತಕ್ಷಣ ಹೊರಗಿನ ಗಾಳಿಗೆ ತನ್ನಿ, 108ಕ್ಕೆ ಕರೆ ಮಾಡಿ.

ಮುಚ್ಚಿದ ಕೋಣೆಯಲ್ಲಿ ಇದ್ದಿಲು, ಕೆಂಡ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಹೊಗೆ ಕಾಣದಿದ್ದರೂ ಅದು ಇರುತ್ತದೆ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅದು ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ, ಆಮ್ಲಜನಕಕ್ಕೆ ಜಾಗ ಬಿಡುವುದಿಲ್ಲ. ಅದು ಅಂಟಿದ ಹಿಮೋಗ್ಲೋಬಿನ್ ಕೂಡ ಹೊಳೆಯುವ ಕೆಂಪೇ. ಎರಡೇ ದೀಪಗಳಿರುವ ನಮ್ಮ ಮಷೀನಿಗೆ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ. ರಕ್ತದ ಹಿಮೋಗ್ಲೋಬಿನ್‌ನಲ್ಲಿ ಐದನೇ ಒಂದು ಭಾಗ ಈ ವಿಷವನ್ನು ಹಿಡಿದುಕೊಂಡಿದ್ದರೂ ಪರದೆಯ ಮೇಲೆ 97, 98 ಅಂತಲೇ ಬರಬಹುದು.

ಗುರುತಿಸುವುದು ಹೇಗೆ? ಒಂದೇ ಕೋಣೆಯಲ್ಲಿದ್ದವರಿಗೆಲ್ಲ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ, ಮಂಕು. ಕೆಲವೊಮ್ಮೆ ಮನೆಯ ನಾಯಿ, ಬೆಕ್ಕು ಕೂಡ ತೂರಾಡುತ್ತವೆ. ಚರ್ಮ ಕೆಂಪಾಗಲಿ ಅಂತ ಕಾಯಬೇಡಿ, ಅದು ಅಪರೂಪ.

ಆಸ್ಪತ್ರೆಯಲ್ಲಿ ಮೊದಲ ಮಾತೇ "ಕೋಣೆಯಲ್ಲಿ ಕೆಂಡ ಇತ್ತು" ಎಂದಿರಲಿ. ಈ ವಿಷವನ್ನು ಪತ್ತೆ ಹಚ್ಚಲು ಕೋ-ಆಕ್ಸಿಮೀಟರ್ ಎಂಬ ಬೇರೆ ಯಂತ್ರದಲ್ಲಿ ರಕ್ತ ಪರೀಕ್ಷೆ ಮಾಡುತ್ತಾರೆ. ಕಾರಣ ಗೊತ್ತಾಗದಿದ್ದರೆ ಅಜೀರ್ಣವೋ ಜ್ವರವೋ ಎಂದುಕೊಳ್ಳುವ ಸಾಧ್ಯತೆ ಇದೆ. ಬರೀ ಗಾಳಿಯಲ್ಲಿ ಉಸಿರಾಡಿದರೆ ರಕ್ತದಲ್ಲಿನ ಈ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಮಾಸ್ಕ್ ಹಾಕಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ ಸಾಕು. ಅದಕ್ಕೇ ಬೇಗ ಹೋಗಬೇಕು ಎನ್ನುವುದು.

ಕಿಟಕಿ ಇಲ್ಲದ ಬಚ್ಚಲಿನಲ್ಲಿಟ್ಟ ಗ್ಯಾಸ್ ಗೀಸರ್‌ನಿಂದಲೂ ಇದೇ ಅಪಾಯ. ಮುಚ್ಚಿದ ಶೆಡ್‌ನಲ್ಲಿ ಜನರೇಟರ್ ಓಡಿಸಿದರೂ ಅಷ್ಟೇ. ಹೋಂಸ್ಟೇ ನಡೆಸುವವರಲ್ಲಿ ಒಂದು ಕೋರಿಕೆ: ರಾತ್ರಿ ಹೊರಗೆ ಹಾಕಿದ ಬೆಂಕಿಯ ಕೆಂಡವನ್ನು ಅತಿಥಿಗಳು ಕೋಣೆಗೆ ಒಯ್ಯಲು ಬಿಡಬೇಡಿ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಚಳಿಗೆ ಬಾಗಿಲು ಕಿಟಕಿ ಮುಚ್ಚಿ ಬಾಂಡಲಿಯಲ್ಲಿ ಕೆಂಡ ಇಟ್ಟು ಮಕ್ಕಳನ್ನು ಮಲಗಿಸುವವರಿಗೂ ಇದನ್ನು ಹೇಳಿ. ತೋಟದ ಮಾಲೀಕರು ಇನ್ನೊಂದು ಕಂಬಳಿ ಕೊಡಿಸಿದರೆ ಕೆಂಡದ ಅಗತ್ಯವೇ ಬರುವುದಿಲ್ಲ.

ರಕ್ತ ಕಡಿಮೆ ಇದೆ ಎಂದಿದ್ದಾರೆ. ಆದರೆ ಆಕ್ಸಿಮೀಟರ್ 99 ಎನ್ನುತ್ತದೆ. ಹೇಗೆ?

ಎರಡೂ ನಿಜ. ಮಷೀನು ಹೇಳುವುದು ಶೇಕಡಾವಾರು, ಪ್ರಮಾಣವಲ್ಲ. ತೋಟದಲ್ಲಿ ಹತ್ತು ಜೀಪು ಇರಬೇಕಾದಲ್ಲಿ ಐದೇ ಇವೆ ಎಂದುಕೊಳ್ಳಿ. ಐದೂ ತುಂಬಿ ಹೊರಟರೆ "ನೂರಕ್ಕೆ ನೂರು ತುಂಬಿದೆ" ಅನ್ನಬಹುದು. ಆದರೆ ಗೋದಾಮಿಗೆ ಬಂದ ಕಾಫಿ ಅರ್ಧವೇ. ಹಿಮೋಗ್ಲೋಬಿನ್ 14 ಗ್ರಾಂ ಇದ್ದವರ 100 ಮಿ.ಲೀ. ರಕ್ತ ಸುಮಾರು 18 ಮಿ.ಲೀ. ಆಮ್ಲಜನಕ ಹೊರುತ್ತದೆ. 7 ಗ್ರಾಂ ಇದ್ದವರದು 9 ಮಿ.ಲೀ. ಇಬ್ಬರ ಬೆರಳಲ್ಲೂ 98 ಬರುತ್ತದೆ. ಹತ್ತು ಹೆಜ್ಜೆ ನಡೆದರೆ ಏದುಸಿರು ಬರುವ, ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡಿರುವ ಹೆಂಗಸರಿಗೆ ಬೇಕಾದದ್ದು ಹಿಮೋಗ್ಲೋಬಿನ್ ಪರೀಕ್ಷೆ. ಅದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುತ್ತದೆ.

ಕುಡಗೋಲು ಕಣ ರೋಗ, ಅಂದರೆ ಸಿಕಲ್ ಸೆಲ್ ಇರುವವರಲ್ಲಿ ಮಷೀನಿನ ನಂಬರ್ ಮತ್ತು ರಕ್ತ ಪರೀಕ್ಷೆಯ ನಂಬರ್ ಹೊಂದದೇ ಇರುವುದುಂಟು. ಆದಿವಾಸಿ ಸಮುದಾಯಗಳಲ್ಲಿ ಈ ಕಾಯಿಲೆ ಜಾಸ್ತಿ ಕಾಣುವುದರಿಂದ 2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನದಲ್ಲಿ ಕರ್ನಾಟಕವೂ ಸೇರಿದೆ. ಹಾಡಿಗೆ (ಆದಿವಾಸಿಗಳ ಕೇರಿಗೆ) ತಪಾಸಣೆಗೆ ಬಂದರೆ ತಪ್ಪಿಸಿಕೊಳ್ಳಬೇಡಿ. ಈ ಕಾಯಿಲೆ ಇದ್ದವರಿಗೆ ಎದೆನೋವು, ಜ್ವರ, ಉಸಿರಾಟದ ಕಷ್ಟ ಒಟ್ಟಿಗೆ ಬಂದರೆ ನಂಬರ್ ಏನೇ ಇರಲಿ, ಆಸ್ಪತ್ರೆಗೆ ಹೋಗಲೇಬೇಕು.

ತೋಟದಲ್ಲಿ ಹಾವು ಕಚ್ಚಿದೆ. ಆಕ್ಸಿಜನ್ ಸರಿ ಇದೆಯಲ್ಲ, ನೋಡಿಕೊಂಡು ಹೋಗಬಹುದಾ?

ನೋಡುತ್ತಾ ಕಾಯುವುದು ಬೇಡ, ತಕ್ಷಣ ಆಸ್ಪತ್ರೆಗೆ ಹೋಗಿ. ನಾಗರಹಾವು, ಕಟ್ಟುಹಾವಿನ ವಿಷ ಉಸಿರಾಟದ ಸ್ನಾಯುಗಳನ್ನೇ ನಿಧಾನವಾಗಿ ಸೋಲಿಸುತ್ತದೆ. ರೆಪ್ಪೆ ಜೋಲುವುದು, ಮಾತು ತೊದಲುವುದು ಮೊದಲು. ಆಕ್ಸಿಮೀಟರ್ ಇಳಿಯುವುದು ಕೊನೆಗೆ. ಅದು ಇಳಿಯುವ ಹೊತ್ತಿಗೆ ತುಂಬಾ ತಡವಾಗಿರುತ್ತದೆ. ಔಷಧಿ ಹೊಡೆಯುವಾಗ ಕೀಟನಾಶಕ ಮೈಗೆ ಸೇರಿದವರ ವಿಷಯದಲ್ಲೂ ನಂಬರ್ ನೋಡುತ್ತಾ ಕೂರಬೇಡಿ.

ಮಕ್ಕಳಿಗೆ ಇದೇ ಮಷೀನು ಹಾಕಬಹುದಾ?

ಸಣ್ಣ ಬೆರಳಿಗೆ ದೊಡ್ಡವರ ಕ್ಲಿಪ್ ಸರಿಯಾಗಿ ಕೂರುವುದಿಲ್ಲ, ಬೆಳಕು ಪಕ್ಕದಿಂದ ಸೋರುತ್ತದೆ. ಮಕ್ಕಳಿಗೆ ಬೇರೆ ಕ್ಲಿಪ್ ಇದೆ. ಹಸುಗೂಸಿಗೆ ಪಾದಕ್ಕೆ ಸುತ್ತುವ ಪಟ್ಟಿ ಬಳಸುತ್ತಾರೆ. ಮನೆಯಲ್ಲಿ ಮಗುವಿನ ಅಂಗಿ ಎತ್ತಿ ಒಂದು ನಿಮಿಷ ಉಸಿರು ಎಣಿಸುವುದೇ ಹೆಚ್ಚು ಉಪಯೋಗ. ಎರಡು ತಿಂಗಳೊಳಗಿನ ಮಗುವಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಹೆಚ್ಚು ಬಂದರೆ, ಇಲ್ಲವೇ ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಡಾಕ್ಟರಿಗೆ ತೋರಿಸಿ.

ಹೆರಿಗೆ ಆಸ್ಪತ್ರೆಯಲ್ಲಿ ಒಂದು ಪರೀಕ್ಷೆ ಕೇಳಿ ಮಾಡಿಸಿ. ಹುಟ್ಟಿ 24 ಗಂಟೆ ಆದ ಮೇಲೆ ಮಗುವಿನ ಬಲಗೈ ಮತ್ತು ಒಂದು ಕಾಲಿನಲ್ಲಿ ಅಳೆಯುತ್ತಾರೆ. 95 ಅಥವಾ ಮೇಲಿದ್ದು, ಎರಡರ ನಡುವೆ 3ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಹುಟ್ಟಿನಿಂದ ಬರುವ ಗಂಭೀರ ಹೃದಯ ದೋಷಗಳಲ್ಲಿ ಹಲವು ಇದರಿಂದಲೇ ಪತ್ತೆಯಾಗುತ್ತವೆ. ಎರಡು ನಿಮಿಷದ ಕೆಲಸ, ನೋವಿಲ್ಲ. ಹುಟ್ಟಿದ ಮೊದಲ ನಿಮಿಷದಲ್ಲಿ ಮಗುವಿಗೆ 60–65 ಇರುವುದು, ಹತ್ತು ನಿಮಿಷಕ್ಕೆ 85–95ಕ್ಕೆ ಏರುವುದು ಸಹಜ. ಅದನ್ನು ನೋಡಿ ಹೆದರಬೇಕಿಲ್ಲ.

ಕೈಗಡಿಯಾರದಲ್ಲೂ ಬರುತ್ತದೆ. ಫೋನಿನ ಆ್ಯಪ್ ಇದೆ. ಮಷೀನು ಯಾಕೆ ಬೇಕು?

ಗಡಿಯಾರ ಬೆಳಕನ್ನು ದಾಟಿಸುವುದಿಲ್ಲ, ಚರ್ಮದಿಂದ ಹಿಂದಕ್ಕೆ ಚೆಲ್ಲಿ ಬಂದ ಬೆಳಕನ್ನು ಅಳೆಯುತ್ತದೆ. ಮಣಿಕಟ್ಟಿನಲ್ಲಿ ನಾಡಿಯ ಏರಿಳಿತ ಬೆರಳಿಗಿಂತ ದುರ್ಬಲ. ಕಾಯಿಲೆ ಬಂದಾಗ ಅದರ ಮೇಲೆ ತೀರ್ಮಾನ ಮಾಡಬೇಡಿ. ಕ್ಯಾಮೆರಾ ಮೇಲೆ ಬೆರಳಿಡಿ ಎನ್ನುವ ಆ್ಯಪ್‌ಗಳನ್ನು ತೆಗೆದುಹಾಕಿ.

ಚರ್ಮವನ್ನು ಬಿಸಿ ಮಾಡಿ ಆಮ್ಲಜನಕ ಅಳೆಯುವ ಯಂತ್ರ ದೊಡ್ಡ ಆಸ್ಪತ್ರೆಯಲ್ಲಿ ನೋಡಿದೆವು. ಅದು ಬೇರೆಯಾ?

ಬೇರೆಯೇ. ಅದು ಬಣ್ಣ ನೋಡುವುದಿಲ್ಲ, ಚರ್ಮದ ಮೂಲಕ ಹೊರಬರುವ ಆಮ್ಲಜನಕವನ್ನೇ ಹಿಡಿದು ಒತ್ತಡ ಅಳೆಯುತ್ತದೆ. ಅದರ ಮೂಲ ಅಮೆರಿಕದ ಲೀಲಂಡ್ ಕ್ಲಾರ್ಕ್ 1950ರ ದಶಕದಲ್ಲಿ ಮಾಡಿದ ಎಲೆಕ್ಟ್ರೋಡ್. 1970ರ ದಶಕದಲ್ಲಿ ಜರ್ಮನಿಯ ಹುಖ್ ದಂಪತಿ ಅದನ್ನು ಚರ್ಮಕ್ಕೆ ಅಂಟಿಸಿ, 43–44 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ ಶಿಶುಗಳಲ್ಲಿ ಬಳಸಿದರು. ಬಿಸಿಗೆ ಸಣ್ಣ ರಕ್ತನಾಳಗಳು ಹಿಗ್ಗಿ ಆಮ್ಲಜನಕ ಮೇಲಕ್ಕೆ ಬರುತ್ತದೆ. ಚರ್ಮ ಸುಡದಂತೆ ಮೂರು ನಾಲ್ಕು ಗಂಟೆಗೊಮ್ಮೆ ಜಾಗ ಬದಲಿಸುತ್ತಾರೆ, ಅಲ್ಲಿ ಉಳಿಯುವ ಕೆಂಪು ಗುರುತು ತಾನಾಗಿ ಹೋಗುತ್ತದೆ.

ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಇದು ತುಂಬಾ ಉಪಯೋಗ. ಹುಣ್ಣಿನ ಪಕ್ಕ 40 ಮಿ.ಮೀ. ಪಾದರಸಕ್ಕಿಂತ ಜಾಸ್ತಿ ಬಂದರೆ ಗಾಯ ಮಾಯುವ ಭರವಸೆ ಇದೆ. 30ಕ್ಕಿಂತ ಕಡಿಮೆಯಾದರೆ ರಕ್ತ ಸಂಚಾರ ಸರಿಮಾಡದೆ ಮಾಯುವುದು ಕಷ್ಟ. ಬೆರಳಿನಲ್ಲಿ 98 ಇದ್ದವರ ಕಾಲಿನಲ್ಲಿ 20 ಬರಬಹುದು. ಕಾಲು ಕತ್ತರಿಸಬೇಕು ಎಂದು ಯಾರಾದರೂ ಹೇಳಿದರೆ, ಈ ಪರೀಕ್ಷೆ ಅಥವಾ ರಕ್ತನಾಳದ ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಆಗಿದೆಯಾ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು.

ಹೊಸದು ಕೊಳ್ಳುವಾಗ ಏನು ನೋಡಬೇಕು?

ನಾಡಿಯ ಅಲೆ ಪರದೆಯಲ್ಲಿ ಕಾಣುವಂಥದ್ದು ಕೊಳ್ಳಿ. ಮೆಡಿಕಲ್ ಶಾಪ್‌ನಲ್ಲೇ ಬೆರಳಿಗೆ ಹಾಕಿ ನಾಡಿ ಎಣಿಸಿ ಹೋಲಿಸಿ. ಪೆನ್ಸಿಲಿಗೆ ಹಾಕಿದರೂ ನಂಬರ್ ತೋರಿಸುವ ಮಷೀನನ್ನು ಅಲ್ಲೇ ಬಿಟ್ಟು ಬನ್ನಿ. ಒಳ್ಳೆ ಮಷೀನಿನಲ್ಲೂ ಎರಡು ಅಂಕ ಹೆಚ್ಚು ಕಡಿಮೆ ಇದ್ದೇ ಇರುತ್ತದೆ, 70ಕ್ಕಿಂತ ಕೆಳಗಿನ ನಂಬರ್ ಲೆಕ್ಕಕ್ಕೆ ಬಾರದು. ನಮ್ಮ ತೇವಕ್ಕೆ ಬ್ಯಾಟರಿ ಒಳಗೇ ತುಕ್ಕು ಹಿಡಿಯುತ್ತದೆ, ಬಳಸದಾಗ ತೆಗೆದಿಡಿ.

ಯಾವಾಗ ಹೊರಡಬೇಕು, ಯಾವಾಗ ಕಾಯಬಹುದು?

ನಂಬರ್ ಚೆನ್ನಾಗಿದ್ದೂ ಕಾಯಬಾರದ ಲಕ್ಷಣಗಳಿವೆ: ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಏದುಸಿರು, ತುಟಿ ನೀಲಿ, ಎದೆನೋವು, ಗೊಂದಲದ ಮಾತು, ಎಬ್ಬಿಸಿದರೂ ಏಳದ ಮಂಪರು. ಇನ್ನು ಇಳಿಯುತ್ತಾ ಹೋಗುವ ನಂಬರ್ ಗಮನಿಸಿ. ಬೆಳಿಗ್ಗೆ 97, ಮಧ್ಯಾಹ್ನ 95, ಸಂಜೆ 93 ಬಂದರೆ ರಾತ್ರಿಯವರೆಗೆ ಕಾಯಬೇಡಿ.

ಬೆಂಗಳೂರಿನವರು ಇನ್ನೊಂದು ಗಂಟೆ ನೋಡೋಣ ಎನ್ನಬಹುದು, ನಮಗೆ ಆ ಅನುಕೂಲ ಇಲ್ಲ. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಅಲ್ಲಿಂದ ಮುಂದಕ್ಕೆ ಕಳಿಸಿದರೆ ಮೈಸೂರು ಸುಮಾರು 120 ಕಿ.ಮೀ., ಮಂಗಳೂರು ಇನ್ನೂ ದೂರ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಂಗಳೂರಿನ ದಾರಿಯೇ ಮುಚ್ಚಿಹೋಗಿತ್ತು. ಒಳಗಿನ ತೋಟಗಳಿಂದ ಮುಖ್ಯ ರಸ್ತೆಗೆ ಬರಲೇ ಮುಕ್ಕಾಲು ಗಂಟೆ ಬೇಕು. ಮಳೆಗಾಲದಲ್ಲಿ ಮರ ಬಿದ್ದರೆ ಅದೂ ಇಲ್ಲ. ಆದ್ದರಿಂದ 93ಕ್ಕೆ ಬಂದಾಗಲೇ ವಾಹನಕ್ಕೆ ಹೇಳಿಡಿ, ಹಗಲು ಇರುವಾಗಲೇ ಹೊರಡಿ.

ದಾರಿಯಲ್ಲಿ ರೋಗಿಗೆ ಎಚ್ಚರ ಇದ್ದರೆ ಮಲಗಿಸುವುದಕ್ಕಿಂತ ಒರಗಿಸಿ ಕೂರಿಸುವುದು ಉಸಿರಿಗೆ ಸುಲಭ. ಕೈ ಕಂಬಳಿಯೊಳಗೆ ಬೆಚ್ಚಗಿರಲಿ. ಕಾಲು ಗಂಟೆಗೊಮ್ಮೆ ಅಳೆದು ಸಮಯ, ಆಮ್ಲಜನಕ, ನಾಡಿ ಮೂರನ್ನೂ ಒಂದು ಚೀಟಿಯಲ್ಲಿ ಬರೆಯಿರಿ. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರನ್ನೂ ಅದರಲ್ಲೇ ಸೇರಿಸಿ, ತುರ್ತು ವಿಭಾಗದ ಡಾಕ್ಟರ ಕೈಗೆ ಕೊಡಿ.